ಬೆಟ್ಟದ ಬುಡದಲ್ಲಿ ಮೂರು ದಿನ: ವಿದ್ಯಾರ್ಥಿಗಳ ಚಾರಣದ ಬಗ್ಗೆ ಓದುಗರ ಪ್ರಶ್ನೆಗಳು

ಮಳೆ ಹಿಂದಾಗಿ ಬೆಟ್ಟಗಳ ಹುಲ್ಲು ಇನ್ನೂ ಹಸಿರಾಗಿರುವ ಹೊತ್ತಿಗೆ ಶಾಲೆ, ಕಾಲೇಜುಗಳಲ್ಲಿ ಚಾರಣದ ಮಾತು ಶುರುವಾಗುತ್ತದೆ. ಶಿಕ್ಷಕರು, ಪೋಷಕರು, ವಿದ್ಯಾರ್ಥಿಗಳು ಕಳಿಸಿದ ಪತ್ರಗಳಲ್ಲಿ ಹೆಚ್ಚು ಜನರಿಗೆ ಉಪಯೋಗವಾಗುವಂಥವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಒಂಬತ್ತನೇ ತರಗತಿಯ 32 ಮಕ್ಕಳನ್ನು ನವೆಂಬರ್‌ನಲ್ಲಿ ಮೂರು ದಿನ ಕುದುರೆಮುಖಕ್ಕೆ ಕರೆದೊಯ್ಯಬೇಕೆಂದಿದ್ದೇವೆ. ಒಂದು ರಾತ್ರಿ ಮೇಲೆಯೇ ಟೆಂಟ್ ಹಾಕಿ ಉಳಿಯಬಹುದೇ? ಶಿಕ್ಷಕರು ಇಬ್ಬರಿದ್ದೇವೆ.
– ದೈಹಿಕ ಶಿಕ್ಷಕರು, ಹಾವೇರಿ ಜಿಲ್ಲೆ

ಉತ್ತರ: ಮೇಲೆ ಉಳಿಯುವಂತಿಲ್ಲ ಸರ್. ಅದು ರಾಷ್ಟ್ರೀಯ ಉದ್ಯಾನ. ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಕಾಡಿನಿಂದ ಹೊರಗೆ ಬಂದಿರಬೇಕು. ಗೈಡ್ ಜೊತೆಗಿರುವುದು ಕಡ್ಡಾಯ. ಟಿಕೆಟ್ಟನ್ನು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ಪಡೆಯಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಶನಿವಾರ, ಭಾನುವಾರ ಒಂದೇ ತಂಡಕ್ಕೆ ಮೂವತ್ತಕ್ಕೂ ಹೆಚ್ಚು ಟಿಕೆಟ್ ಸಿಗುವುದು ಕಷ್ಟ. ಮಂಗಳವಾರ, ಬುಧವಾರ ನೋಡಿ. ಪ್ರತಿ ಮಗುವಿನ ಗುರುತಿನ ಚೀಟಿಯ ವಿವರ ಮೊದಲೇ ಒಂದೆಡೆ ಬರೆದಿಟ್ಟುಕೊಂಡರೆ ಬುಕಿಂಗ್ ಮಾಡುವಾಗ ಪರದಾಟವಿಲ್ಲ. ಬಿಇಒ ಕಚೇರಿಯ ಅನುಮತಿ, ಪೋಷಕರ ಸಹಿಯ ಒಪ್ಪಿಗೆ ಪತ್ರ ಇವುಗಳಿಗೆ ತಿಂಗಳ ಮುಂಚೆಯೇ ಓಡಾಡಿ.

ಆದ್ದರಿಂದ ಮೂರು ದಿನದ ಯೋಜನೆಯನ್ನು ಬೇರೆ ರೀತಿ ಕಟ್ಟಬೇಕು. ಬಿಡಾರ ಬುಡದಲ್ಲಿ, ಕಳಸ–ಸಂಸೆ ಸುತ್ತಿನ ಯಾವುದಾದರೂ ಹೋಂಸ್ಟೇ ಅಂಗಳದಲ್ಲೋ ಶಾಲೆಯ ಮೈದಾನದಲ್ಲೋ ಇರಲಿ. ಟೆಂಟ್, ಅಡುಗೆ, ರಾತ್ರಿ ಕಾವಲು, ಪಾತ್ರೆ ತೊಳೆಯುವುದು, ಶಿಬಿರ ಎಂದರೆ ಮಕ್ಕಳು ಕಲಿಯಬೇಕಾದ್ದೆಲ್ಲ ಅಲ್ಲೇ ಸಿಗುತ್ತದೆ. ಮೊದಲ ದಿನ ಮಧ್ಯಾಹ್ನ ತಲುಪಿ, ತೋಟದ ದಾರಿಯಲ್ಲಿ ನಾಲ್ಕೈದು ಕಿಲೋಮೀಟರ್ ನಡಿಗೆ. ಎರಡನೇ ದಿನ ದೊಡ್ಡ ನಡಿಗೆ. ಮೂರನೇ ದಿನ ಬೆಳಿಗ್ಗೆ ಸಣ್ಣದೊಂದು ನಡಿಗೆ ಮುಗಿಸಿ ಊರಿಗೆ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಬೆಳಿಗ್ಗೆ ಇಳಿದ ಕೂಡಲೇ ಬೆಟ್ಟ ಹತ್ತಿಸುವ ರೂಢಿ ಎಲ್ಲೆಡೆ ಇದೆ. ದಯವಿಟ್ಟು ಅದನ್ನು ಮಾಡಬೇಡಿ. ನಿದ್ದೆಗೆಟ್ಟು ಘಾಟಿಯಲ್ಲಿ ವಾಂತಿ ಮಾಡಿಕೊಂಡ ಮಗುವಿನ ಮೈಯಲ್ಲಿ ಹತ್ತುವ ಮೊದಲೇ ನೀರು, ಶಕ್ತಿ ಎರಡೂ ಇರುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಚಾರಣದ ಸಮಯ ಅಂದಾಜು ಮಾಡಲು 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಚಾರಣ ಶುರುವಾಗುವ ಮುಳ್ಳೋಡಿಯಿಂದ 1894 ಮೀಟರ್ ಎತ್ತರದ ಕುದುರೆಮುಖದ ತುದಿಗೆ ಹೆಚ್ಚು ಕಡಿಮೆ ಹತ್ತು ಕಿಲೋಮೀಟರ್, ಏರಿಕೆ ಒಂಬೈನೂರು ಮೀಟರಿನ ಆಸುಪಾಸು. ಸೂತ್ರದ ಪ್ರಕಾರ ಮೂರೂವರೆ ಗಂಟೆ. ಆದರೆ ಇದು ಪಳಗಿದ ಕಾಲುಗಳ ಲೆಕ್ಕ. 32 ಮಕ್ಕಳ ಸಾಲಿಗೆ ಅದರ ಅರ್ಧದಷ್ಟನ್ನು ಮತ್ತೆ ಸೇರಿಸಬೇಕು: ಐದು ಗಂಟೆ ಕಾಲು. ತಿಂಡಿ, ನೀರು, ಹಳ್ಳ ದಾಟುವಾಗ ಒಬ್ಬೊಬ್ಬರನ್ನೇ ಕೈಹಿಡಿದು ಬಿಡುವುದು ಎಲ್ಲ ಸೇರಿ ಆರು ಗಂಟೆ. ಇಳಿಯಲು ನಾಲ್ಕೂವರೆ ಗಂಟೆ. ಬೆಳಿಗ್ಗೆ ಆರೂವರೆಗೆ ಹೊರಟರೂ ತುದಿ ಮುಟ್ಟುವಾಗ ಹನ್ನೆರಡೂವರೆ, ಊಟ ಮುಗಿಸಿ ಇಳಿಯುವಾಗ ಸಂಜೆ ಐದೂವರೆ. ನವೆಂಬರ್‌ನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಕಣಿವೆಗಳ ದಟ್ಟ ಶೋಲಾ ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಒಂದೇ ಒಂದು ಉಳುಕಿದ ಕಾಲು ಸಾಕು, ಇಡೀ ತಂಡ ಕತ್ತಲಲ್ಲಿ ಸಿಕ್ಕಿಬೀಳಲು.

ನಮ್ಮ ಸಲಹೆ ಇಷ್ಟು: ಮೊದಲ ಸಲ ಬೆಟ್ಟ ಕಾಣುತ್ತಿರುವ ಒಂಬತ್ತನೇ ತರಗತಿಯವರಿಗೆ ತುದಿಯ ಗುರಿ ಇಡಬೇಡಿ. ದಾರಿಯಲ್ಲಿ ಗುರುತಿಗೆ ಸಿಗುವ ಒಂಟಿಮರ ದಾಟಿ, ಹುಲ್ಲುಗಾವಲಿನ ಏಣಿನ ಮೇಲೆ ಹೋಗುವಷ್ಟು ಹೋಗಿ, ಗಡಿಯಾರ ಹನ್ನೊಂದೂವರೆ ತೋರಿಸಿದಾಗ ಎಲ್ಲಿದ್ದರೆ ಅಲ್ಲಿಂದ ತಿರುಗಿ. ಈ ಗಡುವನ್ನು ಹಿಂದಿನ ರಾತ್ರಿಯೇ ಮಕ್ಕಳೆದುರು ಗಟ್ಟಿಯಾಗಿ ಹೇಳಿಬಿಡಿ. ಬೆಟ್ಟದ ಮೇಲೆ ನಿಂತು ತೀರ್ಮಾನ ಮಾಡಲು ಹೋದರೆ ‘ಇನ್ನೊಂಚೂರು ಸರ್, ಅಲ್ಲೇ ಕಾಣ್ತಿದೆ’ ಎಂಬ ಮಾತಿಗೆ ಯಾವ ಮೇಷ್ಟ್ರ ಮನಸ್ಸೂ ಕರಗುತ್ತದೆ.

ಇಬ್ಬರು ಶಿಕ್ಷಕರು ಸಾಲುವುದಿಲ್ಲ. ಎಂಟು ಮಕ್ಕಳಿಗೊಬ್ಬರಂತೆ ನಾಲ್ವರು ಬೇಕು. ಹೆಣ್ಣುಮಕ್ಕಳಿದ್ದರೆ ಅವರಲ್ಲಿ ಒಬ್ಬರಾದರೂ ಶಿಕ್ಷಕಿ. ಕಾರಣ ಸರಳ: ಒಂದು ಮಗುವಿಗೆ ಪೆಟ್ಟಾದರೆ ಒಬ್ಬ ದೊಡ್ಡವರು ಅದರ ಜೊತೆ ಇಳಿಯಬೇಕು, ಆಗಲೂ ಮಿಕ್ಕ ಮಕ್ಕಳ ಹಿಂದೆ ಮುಂದೆ ದೊಡ್ಡವರಿರಬೇಕು. ಗೈಡನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅವರ ಕೆಲಸ ದಾರಿ.

ತಯಾರಿಗೆ ನಾಲ್ಕು ಶನಿವಾರ ಸಾಕು. ಐದು, ಎಂಟು, ಹತ್ತು, ಹನ್ನೆರಡು ಕಿಲೋಮೀಟರ್, ಕೊನೆಯ ಎರಡು ಸಲ ಬೆನ್ನಿಗೆ ಚೀಲ ಹಾಕಿಕೊಂಡು. ಯಾರ ಬೂಟು ಕಚ್ಚುತ್ತದೆ, ಯಾರಿಗೆ ಏದುಸಿರು ಬರುತ್ತದೆ ಎಂಬುದು ಊರಲ್ಲೇ ತಿಳಿಯುತ್ತದೆ.

ಪ್ರಶ್ನೆ: ನವೆಂಬರ್ ಒಳ್ಳೆಯದೋ ಜನವರಿ ಒಳ್ಳೆಯದೋ?
– ಉಪನ್ಯಾಸಕಿ, ತುಮಕೂರು

ಉತ್ತರ: ಮಲೆನಾಡಿನ ಬೆಟ್ಟಗಳಿಗೆ ನವೆಂಬರ್. ಅಕ್ಟೋಬರ್‌ವರೆಗೆ ಮಧ್ಯಾಹ್ನದ ಗುಡುಗು ಸಿಡಿಲಿನ ಮಳೆ, ನೆಲದಲ್ಲಿ ಉಂಬಳ. ಡಿಸೆಂಬರ್‌ನಿಂದ ಉಣ್ಣೆಗಳ (ಉಣುಗು) ಕಾಟ, ಅದರೊಂದಿಗೆ ಮಂಗನ ಕಾಯಿಲೆಯ ಕಾಲ. ಫೆಬ್ರವರಿ ಹೊತ್ತಿಗೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ; ಆಮೇಲೆ ಮಳೆ ಬರುವವರೆಗೆ ಅರಣ್ಯ ಇಲಾಖೆ ಎಷ್ಟೋ ದಾರಿಗಳನ್ನು ಮುಚ್ಚುತ್ತದೆ, ತೊರೆಗಳೂ ಬತ್ತಿರುತ್ತವೆ. ಜನವರಿಯಲ್ಲೂ ಹೋಗಬಹುದು, ಆದರೆ ಮೊದಲು ಆ ತಾಲ್ಲೂಕಿನ ಆರೋಗ್ಯ ಕಚೇರಿಗೆ ಫೋನ್ ಮಾಡಿ ಮಂಗ ಸತ್ತ ವರದಿ ಇದೆಯೇ ಎಂದು ಕೇಳಿ.

ಪ್ರಶ್ನೆ: ಮಂಗನ ಕಾಯಿಲೆಯ ಭಯದಿಂದ ಪೋಷಕರು ಒಪ್ಪುತ್ತಿಲ್ಲ. ಉಂಬಳದಿಂದಲೂ ರೋಗ ಬರುತ್ತದಂತೆ. ನಿಜವೇ? ಏನು ಎಚ್ಚರಿಕೆ ವಹಿಸಬೇಕು?
– ಸ್ಕೌಟ್ ಶಿಕ್ಷಕರು, ಶಿವಮೊಗ್ಗ ಜಿಲ್ಲೆ

ಉತ್ತರ: ಎರಡನ್ನೂ ಬೇರೆ ಬೇರೆ ಮಾಡಿ ಪೋಷಕರಿಗೆ ತಿಳಿಸಿ. ಉಂಬಳ ಕಚ್ಚಿದರೆ ರಕ್ತ ಹೋಗುತ್ತದೆ, ತುರಿಕೆಯಾಗುತ್ತದೆ, ಅಷ್ಟೇ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಬಿಟ್ಟ ಮೇಲೂ ಬಹಳ ಹೊತ್ತು ಒಸರುತ್ತದೆ. ಮಕ್ಕಳು ಹೆದರುವುದು ಇದನ್ನು ನೋಡಿ. ಕಿತ್ತು ಎಳೆಯಬೇಡಿ. ಕಚ್ಚಿದ ಸಣ್ಣ ತುದಿಯ ಪಕ್ಕ ಚರ್ಮಕ್ಕೆ ಉಗುರು ಒತ್ತಿ ಅಡ್ಡಡ್ಡ ಜಾರಿಸಿದರೆ ಹಿಡಿತ ಬಿಡುತ್ತದೆ. ಕಚ್ಚಿಕೊಂಡಿರುವಾಗ ಅದರ ಮೈಮೇಲೆ ಉಪ್ಪು ಸುರಿದರೆ ಅದು ಹೊಟ್ಟೆಯಲ್ಲಿರುವುದನ್ನು ಗಾಯಕ್ಕೇ ಕಕ್ಕಬಹುದು. ಉಪ್ಪು ಕಾಲುಚೀಲದ ಮೇಲಿರಲಿ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಚೀಲದ ಮೇಲೆ ಉಪ್ಪು ಬೆರೆಸಿದ ಎಣ್ಣೆ ಸವರುವುದು ಹಳೆಯ, ಒಳ್ಳೆಯ ಉಪಾಯ. ಹೊಗೆಸೊಪ್ಪು ನೆನೆಸಿದ ನೀರನ್ನು ಕೆಲವರು ಹಚ್ಚುತ್ತಾರೆ. ಮಕ್ಕಳಿಗೆ ಬೇಡ. ಒದ್ದೆ ಚರ್ಮದ ಮೂಲಕ ನಿಕೋಟಿನ್ ಒಳಗಿಳಿದು ತಲೆಸುತ್ತು, ವಾಂತಿ ಬರುತ್ತದೆ.

ಉಣ್ಣೆಯ ವಿಷಯ ಗಂಭೀರ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಿಮ್ಮ ಜಿಲ್ಲೆಯಲ್ಲೇ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣ್ಣೆಯ ಮರಿಗಳಿಂದ. ಸಾಸಿವೆಗಿಂತ ಸಣ್ಣವಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಒಣಗಿದ ತರಗೆಲೆಯ ಮೇಲೆ ಕೂರುವಾಗ, ಮಲಗುವಾಗ ಹತ್ತಿಕೊಳ್ಳುತ್ತವೆ. ಆದ್ದರಿಂದ ವಿಶ್ರಾಂತಿಗೆ ಬಂಡೆ ಇಲ್ಲವೇ ಬಯಲು, ಕೂರಲು ಪ್ರತಿ ಮಗುವಿಗೂ ಒಂದು ತುಂಡು ತಾಡಪಾಲು. ಆ ಭಾಗದ ಆರೋಗ್ಯ ಕೇಂದ್ರಗಳಲ್ಲಿ ಕಾಡಿಗೆ ಹೋಗುವವರಿಗೆ ಉಣ್ಣೆ ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ತೈಲ ಕೊಡುತ್ತಾರೆ. ಕೈಕಾಲಿಗೆ, ಕತ್ತಿಗೆ ಹಚ್ಚಿ. ಸಂಜೆ ಬಿಡಾರಕ್ಕೆ ಬಂದ ಕೂಡಲೇ ಬಟ್ಟೆ ಬದಲಿಸಿ ಬಿಸಿನೀರು, ಸೋಪಿನಲ್ಲಿ ಸ್ನಾನ. ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಸುತ್ತ, ಮಂಡಿಯ ಹಿಂಭಾಗ ನೋಡಿಕೊಳ್ಳಲು ಹೇಳಿ. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಬೆಂಕಿಕಡ್ಡಿ, ಸೀಮೆಎಣ್ಣೆ ಬೇಡ.

ಮಂಗ ಸತ್ತುಬಿದ್ದದ್ದು ಕಂಡರೆ ಅಲ್ಲಿಂದಲೇ ವಾಪಸ್ ಬಂದು ಅರಣ್ಯ, ಆರೋಗ್ಯ ಇಲಾಖೆಗೆ ತಿಳಿಸಿ. ಮರಳಿದ ಮೇಲೆ ಎರಡು ವಾರದೊಳಗೆ ಯಾವ ಮಗುವಿಗಾದರೂ ದಿಢೀರ್ ಜ್ವರ, ಜೋರು ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಮೊದಲ ವಾಕ್ಯದಲ್ಲೇ ‘ಮಲೆನಾಡಿನ ಕಾಡಿಗೆ ಹೋಗಿ ಬಂದಿದ್ದಾನೆ’ ಎಂದು ಹೇಳುವಂತೆ ಪೋಷಕರಿಗೆ ಬರೆದುಕೊಡಿ. ಈ ಒಂದು ವಾಕ್ಯ ಇಲ್ಲದೆ ಎಷ್ಟೋ ಕಡೆ ಮಾಮೂಲಿ ಜ್ವರದ ಮಾತ್ರೆಯಲ್ಲಿ ದಿನ ಕಳೆದುಹೋಗುತ್ತದೆ.

ಪ್ರಶ್ನೆ: 36 ಜನರಿಗೆ ಎರಡು ರಾತ್ರಿ, ಮೂರು ಹಗಲಿನ ಅಡುಗೆ. ಸೌದೆ ಒಲೆ ಹಾಕಬಹುದೇ? ದಿನಸಿ ಎಷ್ಟು ಬೇಕು?
– ಶಿಬಿರದ ಅಡುಗೆ ಹೊತ್ತ ಶಿಕ್ಷಕಿ, ಹಾಸನ

ಉತ್ತರ: ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹೊರಗಿನ ಹೋಂಸ್ಟೇ ಅಂಗಳದಲ್ಲೂ ಗ್ಯಾಸ್ ಒಲೆಯೇ ಇರಲಿ. 5 ಕೆಜಿಯ ಚಿಕ್ಕ ಸಿಲಿಂಡರ್ ಒಂದು, ದೊಡ್ಡ ಬರ್ನರಿನ ಒಲೆ ಎರಡು ಸಾಕು. ಆದರೆ ಒಂದು ಷರತ್ತು: ಕುಡಿಯುವ ನೀರನ್ನು ಅದರಲ್ಲಿ ಕುದಿಸಬೇಡಿ. ಒಂದು ಲೀಟರ್ ನೀರು ಕುದಿಯಲು 15ರಿಂದ 20 ಗ್ರಾಂ ಗ್ಯಾಸ್ ಬೇಕು. 36 ಜನರಿಗೆ ಮೂರು ಲೀಟರಿನಂತೆ 108 ಲೀಟರ್ ಕುದಿಸಿದರೆ ದಿನಕ್ಕೆ ಎರಡು ಕೆಜಿ ಗ್ಯಾಸ್ ಅದಕ್ಕೇ ಮುಗಿಯಿತು. ಎರಡನೇ ರಾತ್ರಿ ಅನ್ನ ಅರ್ಧ ಬೆಂದಾಗ ಸಿಲಿಂಡರ್ ಖಾಲಿಯಾಗುವುದು ಈ ಕಾರಣಕ್ಕೆ.

ಕುಡಿಯುವ ನೀರಿಗೆ ಕ್ಲೋರಿನ್ ಮಾತ್ರೆ ಬಳಸಿ. ಮೊದಲು ನಾಲ್ಕು ಮಡಿಕೆಯ ಹಳೆಯ ಹತ್ತಿ ಸೀರೆಯಲ್ಲಿ ಸೋಸಿ, ಆಮೇಲೆ ಚೀಟಿಯಲ್ಲಿ ಬರೆದಿರುವ ಅಳತೆಯಂತೆ ಮಾತ್ರೆ ಹಾಕಿ, ಮುಚ್ಚಿ, ಅರ್ಧ ಗಂಟೆ ಬಿಡಿ. ಕದಡಿದ ನೀರಿನಲ್ಲಿ ಕ್ಲೋರಿನ್ ಮಣ್ಣಿನೊಂದಿಗೇ ಖರ್ಚಾಗಿಹೋಗುತ್ತದೆ, ಕ್ರಿಮಿಯವರೆಗೆ ಮುಟ್ಟುವುದಿಲ್ಲ. ಅದಕ್ಕೇ ಸೋಸುವುದು ಮೊದಲು.

ಅಳತೆ ಹೀಗಿಟ್ಟುಕೊಳ್ಳಿ. ರಾತ್ರಿ ಅನ್ನಕ್ಕೆ ತಲೆಗೆ 120 ಗ್ರಾಂ ಅಕ್ಕಿಯಂತೆ ನಾಲ್ಕೂಕಾಲು ಕೆಜಿ, ಸಾರಿಗೆ 40 ಗ್ರಾಂನಂತೆ ಒಂದೂವರೆ ಕೆಜಿ ತೊಗರಿಬೇಳೆ. ಬೇಳೆಯನ್ನು ಮಧ್ಯಾಹ್ನವೇ ನೆನೆಹಾಕಿದರೆ ಗ್ಯಾಸ್ ಉಳಿಯುತ್ತದೆ. ಬೆಳಗಿನ ತಿಂಡಿಗೆ ಅವಲಕ್ಕಿ ಮೂರು ಕೆಜಿ, ಇನ್ನೊಂದು ದಿನ ಉಪ್ಪಿಟ್ಟಿಗೆ ಹುರಿದ ರವೆ ಮೂರು ಕೆಜಿ. ಹುರಿಯುವ ಕೆಲಸ ಮನೆಯಲ್ಲೇ ಆಗಲಿ. ನಡುವೆ ಮೆಲ್ಲಲು ತಲೆಗೆ ದಿನಕ್ಕೆ 75 ಗ್ರಾಂ ಶೇಂಗಾ–ಬೆಲ್ಲ ಅಥವಾ ಚಿಕ್ಕಿ, ಮೂರು ಪಾಲು ಮಾಡಿ. ಸಂಜೆ ಬಿಡಾರ ಸೇರಿದ ಕೂಡಲೇ ಬಿಸಿ ರಾಗಿ ಗಂಜಿ ಕೊಟ್ಟು ನೋಡಿ, ರಾತ್ರಿ ಊಟದವರೆಗಿನ ಅಳು ಮುಖಗಳು ನಿಲ್ಲುತ್ತವೆ.

ದೊಡ್ಡ ನಡಿಗೆಯ ದಿನದ ಬುತ್ತಿಯ ಬಗ್ಗೆ ಒಂದು ಮಾತು, ಏಕೆಂದರೆ ಹೊಟ್ಟೆ ಕೆಡುವುದು ಇಲ್ಲಿಂದಲೇ. ಬೆಳಗಿನ ಜಾವ ನಾಲ್ಕಕ್ಕೆ ಮಾಡಿದ ಚಿತ್ರಾನ್ನವನ್ನು ಹೊಗೆಯಾಡುತ್ತಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಹಾಕುತ್ತಾರೆ. ಆವಿ ಮುಚ್ಚಳದ ಒಳಗೆ ಹನಿಗಟ್ಟಿ ಅನ್ನದ ಮೇಲೇ ಇಳಿಯುತ್ತದೆ. ಬೆನ್ನಿನ ಶಾಖ, ಬಿಸಿಲು ಸೇರಿ ಆರೇಳು ಗಂಟೆಯಲ್ಲಿ ಅಂಟಂಟು, ಹುಳಿ ವಾಸನೆ. ಅನ್ನವನ್ನು ಬಾಳೆಲೆಯ ಮೇಲೋ ಅಗಲ ಪರಾತದಲ್ಲೋ ಹರಡಿ, ಒಳಗೈಗೆ ಬಿಸಿ ತಾಗದಷ್ಟು ಆರಿದ ಮೇಲೆ ಒಗ್ಗರಣೆ ಬೆರೆಸಿ ತುಂಬಿ. ಹಸಿ ತೆಂಗಿನಕಾಯಿ ಎಲ್ಲೂ ಬೇಡ, ಚಟ್ನಿಯೂ ಬೇಡ. ಪುಳಿಯೋಗರೆ ಎಲ್ಲಕ್ಕಿಂತ ಕ್ಷೇಮ. ಉತ್ತರ ಕರ್ನಾಟಕದವರಾದರೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳಿ. ಅದಕ್ಕೆ ಸಮನಾದ ಚಾರಣದ ಊಟ ಇನ್ನೊಂದಿಲ್ಲ, ನೀರು ಮಾತ್ರ ಹೆಚ್ಚು ಬೇಕು.

ಪ್ರಶ್ನೆ: ಬೆನ್ನಚೀಲ ಎಷ್ಟು ಭಾರ ಇರಬಹುದು? ನನ್ನ ತೂಕ 45 ಕೆಜಿ. ಭುಜ ತುಂಬಾ ನೋಯುತ್ತದೆ.
– ಪಿಯುಸಿ ವಿದ್ಯಾರ್ಥಿನಿ, ಮೈಸೂರು

ಉತ್ತರ: ನಿನ್ನ ತೂಕದ ಏಳರಲ್ಲೊಂದು ಭಾಗ, ಅಂದರೆ ಆರೂವರೆ ಕೆಜಿ ಮೀರದಿದ್ದರೆ ಒಳ್ಳೆಯದಮ್ಮ. ಖಾಲಿ ಚೀಲವೇ ಒಂದು ಕೆಜಿ, ಎರಡು ಲೀಟರ್ ನೀರು ಎರಡು ಕೆಜಿ, ಸ್ಲೀಪಿಂಗ್ ಬ್ಯಾಗ್ ಒಂದೂಕಾಲು. ಅಲ್ಲಿಗೆ ನಾಲ್ಕೂಕಾಲು ಆಯಿತು. ಉಳಿದ ಎರಡು ಕೆಜಿ ಚಿಲ್ಲರೆಯಲ್ಲಿ ಬಟ್ಟೆ, ಮಳೆ ಕೋಟು, ತಟ್ಟೆ ಲೋಟ, ಟಾರ್ಚ್. ಜೀನ್ಸ್ ಬಿಟ್ಟುಬಿಡು: ಒದ್ದೆಯಾದರೆ ಭಾರ, ಒಣಗಲು ಎರಡು ದಿನ, ತೊಡೆ ಉಜ್ಜಿ ಗಾಯ. ಬಿಡಾರಕ್ಕೆ ಮರಳುವ ನಡಿಗೆಯಾದರೆ ಸ್ಲೀಪಿಂಗ್ ಬ್ಯಾಗ್ ಅಲ್ಲೇ ಇರಲಿ.

ಭುಜದ ನೋವಿಗೆ ಕಾರಣ ಹೆಚ್ಚಾಗಿ ಸೊಂಟದ ಪಟ್ಟಿ. ಅದನ್ನು ಹೊಟ್ಟೆಯ ಮೇಲೆ ಸುಮ್ಮನೆ ಸಿಕ್ಕಿಸಿಕೊಳ್ಳುವವರೇ ಹೆಚ್ಚು. ಎರಡೂ ಕೈಯನ್ನು ಸೊಂಟದ ಮೇಲಿಟ್ಟು ಮೂಳೆಯ ಅಂಚು ಹುಡುಕು. ಪಟ್ಟಿಯ ನಡುಭಾಗ ಆ ಅಂಚಿನ ಮೇಲೆ ಕೂರಬೇಕು. ಮೊದಲು ಭುಜದ ಪಟ್ಟಿ ಎಲ್ಲ ಸಡಿಲಿಸು, ಸೊಂಟದ್ದನ್ನು ಬಿಗಿ, ಆಮೇಲೆ ಭುಜದ್ದನ್ನು ಚೀಲ ಬೆನ್ನಿಗೆ ತಾಗುವಷ್ಟು ಮಾತ್ರ ಎಳೆ. ಸರಿಯಾಗಿದ್ದರೆ ಭುಜ ಮತ್ತು ಪಟ್ಟಿಯ ನಡುವೆ ಒಂದು ಬೆರಳು ಸಲೀಸಾಗಿ ತೂರುತ್ತದೆ. ನೀರು, ಬುತ್ತಿಯಂಥ ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡು ನಡುಬೆನ್ನಿನ ಎತ್ತರದಲ್ಲಿರಲಿ. ಹೊರಗಿನ ಜೇಬಿಗೆ ತುಂಬಿದರೆ ಚೀಲ ಹಿಂದಕ್ಕೆ ಎಳೆಯುತ್ತದೆ, ನೀನು ಮುಂದಕ್ಕೆ ಬಾಗುತ್ತೀ, ನೋವು ಕತ್ತಿಗೆ ಏರುತ್ತದೆ.

ಪ್ರಶ್ನೆ: ಶಿಬಿರದ ದಿನವೇ ಮುಟ್ಟಾದರೆ ಏನು ಮಾಡುವುದು ಎಂದು ನಮ್ಮ ಹುಡುಗಿಯರು ಹೆಸರೇ ಕೊಡುತ್ತಿಲ್ಲ.
– ಶಿಕ್ಷಕಿ, ಚಿತ್ರದುರ್ಗ

ಉತ್ತರ: ಈ ಮಾತನ್ನು ಹೊರಡುವ ಮೊದಲ ಸಭೆಯಲ್ಲೇ ನೀವೇ ಎತ್ತಿ ಮೇಡಂ. ಅವರು ಕೇಳಲಿ ಎಂದು ಕಾಯಬೇಡಿ. ಮುಟ್ಟಾದವರು ನಡೆಯಬಾರದೆಂದೇನೂ ಇಲ್ಲ; ನೋವಿದ್ದವರಿಗೆ ಆ ದಿನ ಬಿಡಾರದಲ್ಲಿ ಉಳಿಯುವ ಆಯ್ಕೆ, ಅವರ ಜೊತೆ ಒಬ್ಬ ಶಿಕ್ಷಕಿ ಇರಲಿ. ಕಾರಣ ಯಾರೂ ಕೇಳಬಾರದು.

ಪ್ರತಿ ಹುಡುಗಿಗೂ ಒಂದು ಸಣ್ಣ ಪೊಟ್ಟಣ ಕಟ್ಟಿಕೊಡಿ: ನಾಲ್ಕೈದು ಪ್ಯಾಡ್, ಹಳೆಯ ಪತ್ರಿಕೆಯ ತುಂಡುಗಳು, ಒಳಗೆ ಕಾಣದಂಥ ಜಿಪ್ ಚೀಲ ಎರಡು, ಕಾಗದದ ಸೋಪು. ಬಳಸಿದ್ದನ್ನು ಪತ್ರಿಕೆಯಲ್ಲಿ ಸುತ್ತಿ ಎರಡು ಚೀಲದೊಳಗೆ ಹಾಕಿ ವಾಪಸ್ ತರಬೇಕು. ಕಾಡಿನಲ್ಲಿ ಹೂತರೆ ಪ್ರಾಣಿಗಳು ವಾಸನೆ ಹಿಡಿದು ಬಗೆಯುತ್ತವೆ, ಪ್ಲಾಸ್ಟಿಕ್ ಕರಗುವುದಿಲ್ಲ. ಬಟ್ಟೆ ಬಳಸುವವರಿದ್ದರೆ ಬಿಡಾರದಲ್ಲಿ ತೊಳೆದು ಬಿಸಿಲಿಗೆ ಹಾಕಲು ಮರೆಯ ಜಾಗ ತೋರಿಸಿ. ಹೊಸದಾಗಿ ಮುಟ್ಟಿನ ಕಪ್ ಬಳಸಲು ಕಲಿಯುವುದಕ್ಕೆ ಚಾರಣ ತಕ್ಕ ಜಾಗವಲ್ಲ, ಅದನ್ನು ಮನೆಯಲ್ಲಿ ಎರಡು ಮೂರು ತಿಂಗಳು ರೂಢಿ ಮಾಡಿಕೊಂಡಿರಬೇಕು.

ಬಯಲಿಗೆ ಹೋಗುವುದು ಅನಿವಾರ್ಯವಾದರೆ ನೀರಿನಿಂದ ಮೂವತ್ತೈದು ನಲವತ್ತು ಮಾರು ದೂರ, ಒಂದು ಗೇಣಿಗೆ ಸ್ವಲ್ಪ ಕಡಿಮೆ ಆಳದ ಗುಂಡಿ, ಆಮೇಲೆ ಮಣ್ಣು ಮುಚ್ಚುವುದು. ಇಬ್ಬಿಬ್ಬರು ಜೊತೆಯಾಗಿ ಹೋಗಲಿ, ಕೂಗಳತೆಯಲ್ಲಿರಲಿ. ಮೂತ್ರಕ್ಕೆ ಹೋಗಲು ನಾಚಿ ನೀರು ಕುಡಿಯದೆ ನಡೆಯುವ ಹುಡುಗಿಯರು ಪ್ರತಿ ತಂಡದಲ್ಲೂ ಇರುತ್ತಾರೆ. ತಲೆನೋವು, ಬಳಲಿಕೆ, ಉರಿಮೂತ್ರ ಶುರುವಾಗುವುದು ಅಲ್ಲಿಂದ. ಎರಡು ಗಂಟೆಗೊಮ್ಮೆ ‘ಹುಡುಗರು ಮುಂದೆ ಹೋಗಿ ನಿಲ್ಲಿ’ ಎಂದು ನೀವೇ ಹೇಳಿದರೆ ಅರ್ಧ ಸಮಸ್ಯೆ ತೀರುತ್ತದೆ.

ಪ್ರಶ್ನೆ: ಮಗಳಿಗೆ ಉಬ್ಬಸ ಇದೆ. ಕಳಿಸಬಹುದೇ?
– ಪೋಷಕರು, ಧಾರವಾಡ

ಉತ್ತರ: ಹತೋಟಿಯಲ್ಲಿದ್ದು, ಅವಳ ವೈದ್ಯರು ಬರೆದುಕೊಟ್ಟರೆ ಕಳಿಸಬಹುದು. ಇನ್‌ಹೇಲರ್ ಒಂದು ಅವಳ ಜೇಬಿನಲ್ಲಿ, ಇನ್ನೊಂದು ಶಿಕ್ಷಕರ ಬಳಿ. ಲಗೇಜಿನೊಳಗೆ ಇದ್ದರೆ ಇಲ್ಲದಂತೆಯೇ. ಎಷ್ಟು ಸಲ ಒತ್ತಬೇಕು, ಎಷ್ಟಕ್ಕೂ ಕಡಿಮೆಯಾಗದಿದ್ದರೆ ಇಳಿಸಬೇಕು ಎಂಬುದನ್ನು ವೈದ್ಯರಿಂದ ಕನ್ನಡದಲ್ಲಿ ಬರೆಸಿ ಶಿಕ್ಷಕರಿಗೆ ಕೊಡಿ. ಬೆಳಗಿನ ಚಳಿಗಾಳಿಗೆ ಮೂಗು ಬಾಯಿ ಮುಚ್ಚುವಂತೆ ತೆಳು ಶಾಲು ಇರಲಿ.

ಪ್ರಶ್ನೆ: ಹೊಸ ಟೆಂಟ್ ತಂದರೂ ಬೆಳಿಗ್ಗೆ ಒಳಗೆಲ್ಲ ಒದ್ದೆ. ಮೋಸ ಹೋದೆವೇ?
– ಎನ್‌ಎಸ್‌ಎಸ್ ಸ್ವಯಂಸೇವಕ, ಮಂಗಳೂರು

ಉತ್ತರ: ಇರಲಾರದು. ಮಳೆ ಬಾರದ ರಾತ್ರಿಯೂ ಒದ್ದೆಯಾಗಿದ್ದರೆ ಅದು ನಿಮ್ಮದೇ ಉಸಿರು. ಮೂವರು ಮಲಗಿದ ಟೆಂಟಿನಲ್ಲಿ ಬೆಳಗಾಗುವಷ್ಟರಲ್ಲಿ ಅರ್ಧ ಲೀಟರಿಗೂ ಹೆಚ್ಚು ನೀರು ಉಸಿರಿನಿಂದ, ಬೆವರಿನಿಂದ ಹೊರಬರುತ್ತದೆ. ಹೊರಗೆ ಇಬ್ಬನಿಯ ಚಳಿ, ಒಳಗೆ ಬಿಸಿ. ತಣ್ಣಗಿನ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಚಳಿ ಎಂದು ಎಲ್ಲ ಜಿಪ್ ಮುಚ್ಚಿದಷ್ಟೂ ಹೆಚ್ಚು. ಮೇಲಿನ ಗಾಳಿಕಿಂಡಿ ತೆರೆದಿಡಿ, ಬಾಗಿಲ ಜಿಪ್ಪನ್ನು ಮೇಲಿನಿಂದ ಒಂದು ಗೇಣು ಬಿಡಿ, ಒದ್ದೆ ಬಟ್ಟೆ ಒಳಗೆ ಒಣಹಾಕಬೇಡಿ. ಹೊರಹೊದಿಕೆ ಒಳಗಿನ ಬಟ್ಟೆಗೆ ತಾಗದಂತೆ ನಾಲ್ಕೂ ಕಡೆ ಹಗ್ಗ ಎಳೆದು ಕಟ್ಟಿ. ಗೂಟವನ್ನು ಟೆಂಟಿನಿಂದ ಆಚೆಗೆ ತಲೆ ವಾಲುವಂತೆ ಓರೆಯಾಗಿ ಹೊಡೆದರೆ ಎಳೆತಕ್ಕೆ ಕಿತ್ತುಬರುವುದಿಲ್ಲ.

ನೆಲದಿಂದ ಒದ್ದೆಯಾಗಿದ್ದರೆ ಕೆಳಗೆ ಹಾಸಿದ ತಾಡಪಾಲು ನೋಡಿ. ಟೆಂಟಿಗಿಂತ ದೊಡ್ಡದಿದ್ದು ಅಂಚು ಹೊರಗೆ ಚಾಚಿದ್ದರೆ ಮೇಲಿನಿಂದ ಇಳಿದ ನೀರನ್ನೆಲ್ಲ ಅದೇ ಹಿಡಿದು ನಿಮ್ಮ ಕೆಳಗೆ ತಂದು ನಿಲ್ಲಿಸುತ್ತದೆ. ಅಂಚನ್ನು ನಾಲ್ಕು ಬೆರಳು ಒಳಕ್ಕೆ ಮಡಚಿ. ಜಾಗ ಆರಿಸುವಾಗ ತೆಂಗು, ಅಡಿಕೆ ಮರದ ಬುಡ ಬೇಡ. ಕಾಯಿಯಷ್ಟೇ ಅಲ್ಲ, ರಾತ್ರಿ ಬೀಳುವ ಒಣ ಸೋಗೆ ಟೆಂಟನ್ನು ಸೀಳುತ್ತದೆ. ಹೊಳೆಯ ಮರಳು ದಂಡೆಯೂ ಬೇಡ; ಮೇಲೆ ಎಲ್ಲೋ ಸುರಿದ ಮಳೆಗೆ ನೀರು ಸದ್ದಿಲ್ಲದೆ ಏರುತ್ತದೆ.

ಪ್ರಶ್ನೆ: ಸಾಲಿನಲ್ಲಿ ಹಿಂದುಳಿದ ಹುಡುಗ ದಾರಿ ತಪ್ಪಿದರೆ ಏನು ಮಾಡಬೇಕು? ಮೊಬೈಲ್ ಸಿಗ್ನಲ್ ಇರುವುದಿಲ್ಲವಲ್ಲ.
– ಶಿಕ್ಷಕರು, ಕೋಲಾರ ಜಿಲ್ಲೆ

ಉತ್ತರ: ತಪ್ಪಿಹೋಗುವುದು ಹೆಚ್ಚಾಗಿ ಕವಲುದಾರಿಯಲ್ಲಿ, ಅದೂ ನಡುಸಾಲಿನವರು. ಮುಂದಿನವರು ಬಲಕ್ಕೆ ತಿರುಗಿದ್ದನ್ನು ಕಾಣದೆ ಎಡಕ್ಕೆ ಹೋಗುತ್ತಾರೆ, ಅವರ ಹಿಂದಿನವರೂ ಅವರನ್ನೇ ನಂಬಿ ಹೋಗುತ್ತಾರೆ. ಅದಕ್ಕೆ ನಿಯಮ ಒಂದೇ: ಪ್ರತಿ ಕವಲಿನಲ್ಲಿ ಮುಂದಿರುವವರು ನಿಲ್ಲಬೇಕು, ಕೊನೆಯ ಶಿಕ್ಷಕರು ಬಂದು ಸೇರಿದ ಮೇಲೆಯೇ ಹೊರಡಬೇಕು. ಮಕ್ಕಳಿಗೆ ಒಂದರಿಂದ ಶುರುಮಾಡಿ ಸಂಖ್ಯೆ ಕೊಟ್ಟು ಅವರವರೇ ಕೂಗಿ ಎಣಿಸುವಂತೆ ರೂಢಿಸಿ. ತಲೆ ಎಣಿಸುವುದಕ್ಕಿಂತ ಇದು ಭದ್ರ, ಏಕೆಂದರೆ ಎಷ್ಟು ಜನ ಇಲ್ಲ ಎನ್ನುವುದರ ಜೊತೆಗೆ ಯಾರು ಇಲ್ಲ ಎಂಬುದೂ ಆ ಕ್ಷಣವೇ ತಿಳಿಯುತ್ತದೆ. ಎಲ್ಲರಿಗಿಂತ ನಿಧಾನ ನಡೆಯುವ ಮಗು ಗೈಡಿನ ಹಿಂದೆ ಎರಡನೆಯದಾಗಿ ಇರಲಿ. ಅದನ್ನು ಕೊನೆಗೆ ಹಾಕಿದರೆ ಉಳಿದವರು ಕಾದು ಕೂತು ದಣಿವಾರಿಸಿಕೊಳ್ಳುತ್ತಾರೆ, ಅದು ತಲುಪಿದ ಕೂಡಲೇ ಎದ್ದು ಹೊರಡುತ್ತಾರೆ. ದಿನವಿಡೀ ಒಂದು ನಿಮಿಷ ವಿಶ್ರಾಂತಿ ಸಿಗದಿರುವುದು ಆ ಮಗುವಿಗೆ ಮಾತ್ರ.

ಪ್ರತಿಯೊಬ್ಬರ ಕೊರಳಲ್ಲೂ ಸೀಟಿ. ದಾರಿ ತಪ್ಪಿದೆ ಅನ್ನಿಸಿದರೆ ಅಲ್ಲೇ ಕೂರಬೇಕು, ಹುಡುಕಿಕೊಂಡು ಹೋಗಬಾರದು. ಒಂದು ನಿಮಿಷದಲ್ಲಿ ಆರು ಸಲ ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಆರು. ಕೇಳಿದವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರಿಸಬೇಕು. ಇದನ್ನು ಶಾಲೆಯ ಮೈದಾನದಲ್ಲಿ ಎರಡು ಸಲ ಆಡಿಸಿ. ಹುಡುಕಲು ಇಬ್ಬರು ದೊಡ್ಡವರು, ಕೊನೆಯ ಸಲ ಎಣಿಸಿದ ಜಾಗದವರೆಗೆ. ಉಳಿದವರು ಒಂದೇ ಕಡೆ ಕೂತಿರಲಿ. ಸಿಗ್ನಲ್ ಇಲ್ಲದಿದ್ದರೂ ಮೊಬೈಲಿನ ಜಿಪಿಎಸ್ ಕೆಲಸ ಮಾಡುತ್ತದೆ, ನಕ್ಷೆಯನ್ನು ಊರಲ್ಲೇ ಇಳಿಸಿಕೊಂಡಿರಬೇಕು ಅಷ್ಟೇ. ಫ್ಲೈಟ್ ಮೋಡಿನಲ್ಲಿಟ್ಟರೆ ಬ್ಯಾಟರಿ ಎರಡು ದಿನ ಬರುತ್ತದೆ. ಎಲ್ಲಿ ಸಿಗ್ನಲ್ ಸಿಗುತ್ತದೆಂದು ಗೈಡಿಗೆ ಗೊತ್ತಿರುತ್ತದೆ, ಹತ್ತುವಾಗಲೇ ಕೇಳಿ ಗುರುತಿಟ್ಟುಕೊಳ್ಳಿ. ಅಲ್ಲಿಂದ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ.

ಪ್ರಶ್ನೆ: ಹಾವು ಕಚ್ಚಿದರೆ ಕಟ್ಟು ಹಾಕಬೇಕೇ?
– ಓದುಗರು, ಸಾಗರ

ಉತ್ತರ: ಬೇಡ. ಬಿಗಿಯಾದ ಕಟ್ಟು, ಗಾಯ ಕೊಯ್ಯುವುದು, ಬಾಯಿಂದ ಹೀರುವುದು ಮೂರೂ ಕೇಡು. ಮಗುವನ್ನು ನಡೆಸದೆ, ಕಚ್ಚಿದ ಕೈಕಾಲನ್ನು ಮುರಿದ ಮೂಳೆಗೆ ಮಾಡುವಂತೆ ಕೋಲು ಕಟ್ಟಿ ಅಲುಗದಂತಿಟ್ಟು, ಉಂಗುರ, ಬಳೆ, ಬೂಟು ತೆಗೆದು, ಎರಡು ಕೋಲಿಗೆ ಕಂಬಳಿ ಕಟ್ಟಿ ಹೊತ್ತು ತನ್ನಿ. ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಹೊರಡುವ ಮುನ್ನವೇ ಫೋನ್ ಮಾಡಿ ಖಚಿತ ಮಾಡಿಕೊಂಡಿರಬೇಕು. ಹಾವು ಹಿಡಿಯಲು, ಹೊಡೆಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದು ಬೇಡ.

ಪ್ರಶ್ನೆ: ಮಗ ಬಿಕಾಂ ಎರಡನೇ ವರ್ಷ. ಡಿಸೆಂಬರ್‌ನಲ್ಲಿ ಗೆಳೆಯರೊಂದಿಗೆ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಿದ್ದಾನೆ. ಮುಳ್ಳಯ್ಯನಗಿರಿ ಎರಡು ಸಲ ಹತ್ತಿದ್ದೇನೆ, ಇದೇನು ಮಹಾ ಎನ್ನುತ್ತಾನೆ.
– ಪೋಷಕರು, ದಾವಣಗೆರೆ

ಉತ್ತರ: ಅವನಿಗೆ ಒಂದು ಸಂಗತಿ ತೋರಿಸಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1930 ಮೀಟರ್. ಕೇದಾರಕಂಠದ ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯೇ ಹೆಚ್ಚು ಕಡಿಮೆ ಅಷ್ಟು ಎತ್ತರದಲ್ಲಿದೆ. ಇಲ್ಲಿ ಮುಗಿಯುವಲ್ಲಿಂದ ಅಲ್ಲಿ ಆರಂಭ. ತುದಿ ಸುಮಾರು 3800 ಮೀಟರ್. 2500 ಮೀಟರ್ ದಾಟಿದ ಮೇಲೆ ಆಮ್ಲಜನಕದ ಕೊರತೆಗೆ ಮೈ ಒಗ್ಗಲು ದಿನಗಳು ಬೇಕು. 3000 ಮೀಟರ್ ಮೇಲೆ ಒಂದು ರಾತ್ರಿಯಿಂದ ಮುಂದಿನ ರಾತ್ರಿಗೆ ಮಲಗುವ ಎತ್ತರ 500 ಮೀಟರಿಗಿಂತ ಹೆಚ್ಚಬಾರದು ಎಂಬುದು ಪರ್ವತ ವೈದ್ಯರ ನಿಯಮ. ಅವಸರದ ಪ್ಯಾಕೇಜುಗಳಲ್ಲಿ ಎರಡನೇ ರಾತ್ರಿಗೇ 3400ರ ಹತ್ತಿರ ಮಲಗಿಸುತ್ತಾರೆ. ನಡುವೆ ಒಂದು ದಿನ ಹೆಚ್ಚು ಇರುವ ತಂಡವನ್ನೇ ಆರಿಸಲು ಹೇಳಿ. ಡೆಹ್ರಾಡೂನ್‌ನಿಂದ ಸಾಂಕ್ರಿಗೆ ಇಡೀ ದಿನದ ಘಾಟಿ ಪ್ರಯಾಣ, ಅಲ್ಲಿ ಒಂದು ರಾತ್ರಿಯ ಬದಲು ಎರಡು ರಾತ್ರಿ ತಂಗಿದರೂ ನಷ್ಟವಿಲ್ಲ.

ತಲೆನೋವು, ಅದರ ಜೊತೆ ಊಟ ಸೇರದಿರುವುದು, ವಾಕರಿಕೆ, ನಿದ್ದೆ ಬಾರದಿರುವುದು ಎತ್ತರಕ್ಕೆ ಮೈ ಒಗ್ಗಿಲ್ಲ ಎಂಬುದರ ಮೊದಲ ಸೂಚನೆಗಳು. ಆಗ ಮೇಲೆ ಏರಬಾರದು, ಅಲ್ಲೇ ಉಳಿದು ನೋಡಬೇಕು. ನೇರ ಗೆರೆಯ ಮೇಲೆ ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು, ಕೆಮ್ಮು ಬಂದರೆ ರಾತ್ರಿಯಾದರೂ ಸರಿ, ಕೂಡಲೇ ಇಳಿಸಬೇಕು. ಗೆಳೆಯರೆದುರು ಹೇಳಿಕೊಳ್ಳಲು ನಾಚಿ ಮುಚ್ಚಿಡುವುದೇ ಈ ವಯಸ್ಸಿನ ಹುಡುಗರ ದೊಡ್ಡ ಅಪಾಯ. ಎತ್ತರದ ಈ ತೊಂದರೆಗೆ ಕೊಡುವ ಡಯಮಾಕ್ಸ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗುವುದು ಬೇಡ. ಸಲ್ಫಾ ಅಲರ್ಜಿ ಇದ್ದವರಿಗೆ ಅದು ಆಗಿಬರದಿರಬಹುದು. ಹೋಗಲಿ ಬಿಡಿ, ಆದರೆ ಕೂಡಲೇ ಇಳಿಸಬೇಕಾದ ಆ ಲಕ್ಷಣಗಳನ್ನು ಅವನ ಗೆಳೆಯರ ಬಾಯಿಂದ ಒಪ್ಪಿಸಿಕೊಂಡು ಕಳಿಸಿ.

ಪ್ರಶ್ನೆ: ಕ್ಯಾಂಪ್ ಫೈರ್ ಇಲ್ಲದಿದ್ದರೆ ರಾತ್ರಿ ಮಕ್ಕಳನ್ನು ಹೇಗೆ ಕೂರಿಸುವುದು?
– ಶಿಕ್ಷಕರು, ಬಳ್ಳಾರಿ

ಉತ್ತರ: ಎಲ್ಲ ಟಾರ್ಚ್ ಆರಿಸಿ ಹತ್ತು ನಿಮಿಷ ಸುಮ್ಮನೆ ಕೂರಿಸಿ, ಕಣ್ಣು ಕತ್ತಲಿಗೆ ಒಗ್ಗಲಿ. ನವೆಂಬರ್ ಮಧ್ಯದಲ್ಲಿ ಎಂಟರ ಹೊತ್ತಿಗೆ ಪೂರ್ವದಲ್ಲಿ ಕೃತ್ತಿಕೆಯ ಗೊಂಚಲು ಮೇಲೆ ಬಂದಿರುತ್ತದೆ. ಬರಿಗಣ್ಣಿಗೆ ಎಷ್ಟು ಚುಕ್ಕಿ ಕಾಣುತ್ತವೆ ಎಂದು ಎಣಿಸಲು ಹೇಳಿ. ಆರೋ ಏಳೋ ಎಂಬ ಜಗಳದಲ್ಲೇ ಅರ್ಧ ಗಂಟೆ ಹೋಗುತ್ತದೆ. ಒಂಬತ್ತರ ಸುಮಾರಿಗೆ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜ ಮೇಲೇಳುತ್ತದೆ. ಅಷ್ಟರಲ್ಲಿ ಮಲಗುವ ಹೊತ್ತು.

ಪ್ರಶ್ನೆ: ಅಣ್ಣನ ಹಳೆಯ ಟ್ರೆಕ್ಕಿಂಗ್ ಬೂಟು ಚೆನ್ನಾಗಿಯೇ ಇದೆ, ಮೂರು ವರ್ಷ ಡಬ್ಬಿಯಲ್ಲಿತ್ತು. ಹಾಕಿಕೊಂಡು ಹೋಗಲೇ?
– ಹತ್ತನೇ ತರಗತಿ ವಿದ್ಯಾರ್ಥಿ, ಉಡುಪಿ

ಉತ್ತರ: ಡಬ್ಬಿಯಲ್ಲಿದ್ದ ಬೂಟಿನ ಮೇಲೇ ಅನುಮಾನ ಜಾಸ್ತಿ. ಅಟ್ಟೆಯ ನಡುಪದರವನ್ನು ಎಷ್ಟೋ ಬೂಟುಗಳಲ್ಲಿ ಪಾಲಿಯುರೇಥೇನ್‌ನಿಂದ ಮಾಡಿರುತ್ತಾರೆ. ಅದು ಗಾಳಿಯ ತೇವ ಹೀರಿ, ಬಳಸದೆ ಇಟ್ಟಷ್ಟೂ ಒಳಗೊಳಗೇ ಪುಡಿಯಾಗುತ್ತದೆ. ಕರಾವಳಿಯ ಹವೆಯಲ್ಲಂತೂ ಬೇಗ. ಹೊರಗೆ ಹೊಸದರಂತೆ ಕಾಣುವ ಬೂಟಿನ ಅಟ್ಟೆ ನಡುದಾರಿಯಲ್ಲಿ ಬಾಯಿಬಿಡುವುದು ಹೀಗೆ. ಹೆಬ್ಬೆರಳಿನಿಂದ ಆ ಪದರವನ್ನು ಒತ್ತು, ಬೂಟನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸು. ಬಿರುಕು ಕಂಡರೆ, ಪುಡಿ ಉದುರಿದರೆ ಬಿಟ್ಟುಬಿಡು. ಗಟ್ಟಿಯಿದ್ದರೆ ಹತ್ತು ಕಿಲೋಮೀಟರ್ ಊರಲ್ಲೇ ನಡೆದು ನೋಡು.

ಅಳತೆ ನೋಡುವುದು ಸಂಜೆ ಹೊತ್ತು, ದಪ್ಪ ಕಾಲುಚೀಲ ಹಾಕಿಕೊಂಡು. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಜಾರಿ ತುದಿಗೆ ಬಡಿಯಬಾರದು, ಬಡಿದರೆ ಉಗುರು ಕಪ್ಪಾಗಿ ಬೀಳುತ್ತದೆ. ಹೊರಡುವ ಎರಡು ದಿನ ಮೊದಲು ಉಗುರು ನೇರವಾಗಿ ಕತ್ತರಿಸಿಕೋ. ಹಿಮ್ಮಡಿ ಬಿಸಿ ಅನ್ನಿಸಿದ ಕೂಡಲೇ ನಿಂತು ಬಟ್ಟೆ ಪ್ಲಾಸ್ಟರ್ ಅಂಟಿಸು. ಗುಳ್ಳೆ ಎದ್ದ ಮೇಲೆ ಅಂಟಿಸಿ ಪ್ರಯೋಜನ ಕಡಿಮೆ. ಜೊತೆಗೆ ಎರಡು ಮಾರು ನೈಲಾನ್ ಹಗ್ಗ ಇಟ್ಟುಕೋ. ಅಟ್ಟೆ ಕಿತ್ತುಬಂದರೆ ಬೂಟಿನ ಸುತ್ತ ಮುಂದೊಂದು, ನಡುವೊಂದು ಸುತ್ತು ಬಿಗಿದು ಗಂಟನ್ನು ಮೇಲ್ಭಾಗಕ್ಕೆ ತಂದರೆ ಬಿಡಾರದವರೆಗೆ ನಡೆಸುತ್ತದೆ. ಒದ್ದೆಯಾದ ಬೂಟನ್ನು ಒಲೆಯ ಪಕ್ಕ ಇಡಬೇಡ, ಅಂಟು ಬಿಡುತ್ತದೆ. ಒಳಗಿನ ಹಾಸು ತೆಗೆದು, ಪತ್ರಿಕೆಯ ಹಾಳೆ ಉಂಡೆ ಮಾಡಿ ತುರುಕಿ, ಎರಡು ಗಂಟೆಗೊಮ್ಮೆ ಹಾಳೆ ಬದಲಿಸು.